ಮ್ಯಾಲ ಮಂಗ್ಯಾ, ಒಳಗ ಮುಂಗ್ಯಾ

ನನ್ನ ರಿಪೇರಿ ಅಂಗಡಿಯ ಹಳೆಯ ಖಾತೆ ಪುಸ್ತಕಗಳಲ್ಲಿ ಒಂದೇ ಟಿವಿ ಮೂರು ಕಡೆ ಸಿಗುತ್ತದೆ. 1985ರಲ್ಲಿ ಬೆಳಗಾವಿಯ ಟಿಳಕವಾಡಿಯ ಒಂದು ಮನೆಯ ಹೆಸರಿನ ಕೆಳಗೆ. 1991ರಲ್ಲಿ ಖಾನಾಪುರದ ಹಂಚಿನ ಕಾರ್ಖಾನೆಯ ಒಬ್ಬ ಮುಕಾದಮರ ಹೆಸರಿನ ಕೆಳಗೆ. 1998ರಲ್ಲಿ ಜಾಂಬೋಟಿಯಾಚೆಯ ಒಂದು ವಾಡಿಯ ಹೆಸರಿನ ಕೆಳಗೆ. ಕಟ್ಟಿಗೆಯ ಪೆಟ್ಟಿಗೆ, ಅಕ್ಕಪಕ್ಕಕ್ಕೆ ಸರಿಯುವ ಬಾಗಿಲು, ಬಾಗಿಲಿಗೊಂದು ಕೀಲಿ, ಒಳಗೆ 20 ಇಂಚಿನ ಕಪ್ಪು-ಬಿಳುಪು ಟ್ಯೂಬು. ಬಿಚ್ಚಿದಾಗೊಮ್ಮೆ ಹಿಂಬದಿಯ ಹಲಗೆಯ ಒಳಮೈಗೆ ಪೆನ್ಸಿಲಿನಿಂದ ತಾರೀಖು ಬರೆಯುವುದು ನನ್ನ ರೂಢಿ. ಅದರ ಮೇಲೆ ಹನ್ನೊಂದು ತಾರೀಖುಗಳಿದ್ದವು.

ಮನೆಗೆ ಹೊಸ ಟಿವಿ ಬಂದ ಕತೆಯನ್ನು ಕೊಂಡವರು ಹೇಳುತ್ತಾರೆ, ಮಾರಿದವರೂ ಹೇಳುತ್ತಾರೆ. ಹಳೆಯದು ಎಲ್ಲಿಗೆ ಹೋಯಿತೆಂದು ಹೇಳಬಲ್ಲವನು ರಿಪೇರಿಯವನು ಮಾತ್ರ. ನಮ್ಮ ಕಡೆ ಅದು ಮೂಲೆ ಸೇರುತ್ತಿರಲಿಲ್ಲ. ಖಾನಾಪುರದ ಬಸ್ಸು ಹತ್ತುತ್ತಿತ್ತು.

ಮೇಲಿನವರ ಹಳೆಯ ಸಾಮಾನು ಕೆಳಗಿನವರ ಕಡೆ ಹರಿಯುವ ಈ ಇಳಿಜಾರು ಟಿವಿಗಿಂತ ಹಳೆಯದು. ನನ್ನ ಅಪ್ಪ ಲೋಂಡಾದಲ್ಲಿ ರೈಲ್ವೆಯಲ್ಲಿದ್ದರು. ನಮ್ಮ ಮನೆಯ ಮರ್ಫಿ ರೇಡಿಯೋ ಅಂಗಡಿಯಿಂದ ಬಂದದ್ದಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿದ್ದ ಒಬ್ಬ ಮಿಲಿಟರಿ ಅಧಿಕಾರಿಗೆ ವರ್ಗವಾದಾಗ ಮಾರಿಹೋದ ಸಾಮಾನು ಅದು. ಕ್ಯಾಂಪಿನ ಸಾಹೇಬರಿಗೆ ಎರಡು-ಮೂರು ವರ್ಷಕ್ಕೊಮ್ಮೆ ವರ್ಗ, ಹೋಗುವಾಗ ಭಾರದ ಸಾಮಾನು ಮಾರಾಟ. ಬೆಳಗಾವಿಯ ಎಷ್ಟೋ ಪಡಸಾಲೆಗಳ ಮೊದಲ ರೇಡಿಯೋ, ಮೊದಲ ರೆಕಾರ್ಡ್ ಪ್ಲೇಯರ್ ಹೀಗೆ ಬಂದವು. ನಮ್ಮದು ಒಣ ಬ್ಯಾಟರಿಯ ಸೆಟ್ಟು, 90 ವೋಲ್ಟಿನದು. ಇಟ್ಟಿಗೆಯಷ್ಟು ದಪ್ಪದ ಆ ಬ್ಯಾಟರಿ ತೀರಿದರೆ ಅಪ್ಪನ ಮುಖವೂ ಇಳಿಯುತ್ತಿತ್ತು. ಹಾಗಾಗಿ ರೇಡಿಯೋ ಹಚ್ಚುವುದಕ್ಕೆ ಲೆಕ್ಕವಿತ್ತು: ಸಂಜೆ ಧಾರವಾಡ, ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ, ಉಳಿದಂತೆ ಮುಚ್ಚಿಟ್ಟ ಕಸೂತಿ ಬಟ್ಟೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅದಕ್ಕೆ ಬೇಂದ್ರೆಯವರು ಸಲಹೆಗಾರರಾಗಿದ್ದರೆಂದು ಗೊತ್ತಾದದ್ದು ನಾನು ದೊಡ್ಡವನಾದ ಮೇಲೆ. ಅಪ್ಪನಿಗೆ ಅದು ಬರೀ 'ನಮ್ಮ ಸ್ಟೇಶನ್' ಆಗಿತ್ತು. ರೈಲಿನ ಸ್ಟೇಶನ್ನಿನವನಿಗೆ ಇನ್ನೊಂದು ಸ್ಟೇಶನ್!

ಅಪ್ಪ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಮೂರನೆಯ ಸ್ಟೇಶನ್ ಒಂದಿತ್ತು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, 1955ರ ನವೆಂಬರ್ 25ರಿಂದ, ಕಾಡಿನೊಳಗಿಂದ ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಮಾತಾಡುತ್ತಿದ್ದ ಗುಪ್ತ ರೇಡಿಯೋ ಅದು. ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ. ಮೊದಲು ಅಂಬೋಲಿಯ ಕಾಡಿನಲ್ಲಿ, ಆಮೇಲೆ ಕ್ಯಾಸಲ್‌ರಾಕ್‌ನಲ್ಲಿ. ಕ್ಯಾಸಲ್‌ರಾಕ್ ಎಂದರೆ ಲೋಂಡಾದಿಂದ ಗೋವೆಯ ಕಡೆಗೆ ಹೋಗುವ ಅದೇ ರೈಲು ದಾರಿ. ಪಕ್ಕದ ಕಾಡಿನಿಂದ ಬರುವ ದನಿಯನ್ನು ನಮ್ಮ ಮುಖ್ಯಮಂತ್ರಿಯ ದನಿಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಿದ್ದೆವು ಎನ್ನುತ್ತಿದ್ದರು ಅಪ್ಪ. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದಾಗ ಆ ರೇಡಿಯೋದ ಕೆಲಸವೂ ಮುಗಿಯಿತು. ಲಿಬಿಯಾ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ಅವರಿಗೆ ನೂರು ವರ್ಷವಾದ ಮೇಲೆ. ಸುದ್ದಿ ಓದಿದ ದಿನ ಅಟ್ಟದ ಮೇಲಿನ ಮರ್ಫಿಯನ್ನು ಇಳಿಸಿ ಧೂಳು ಒರೆಸಿದೆ.

1972ರಲ್ಲಿ ಖಡೇ ಬಜಾರಿನ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಕುಳಿತೆ. ಆಗ ನನಗೆ ಹದಿನೇಳು. ಮೊದಲ ಆರು ತಿಂಗಳು ಚಹಾ ತರುವುದು, ರೇಡಿಯೋ ಲೈಸೆನ್ಸಿನ ಪುಸ್ತಕ ಹಿಡಿದು ಗಿರಾಕಿಗಳ ಪರವಾಗಿ ಪೋಸ್ಟಿನಲ್ಲಿ ಸಾಲು ನಿಲ್ಲುವುದು. ಈಗಿನ ಹುಡುಗರು ನಂಬುವುದಿಲ್ಲ, ರೇಡಿಯೋ ಕೇಳಲು ವರ್ಷಕ್ಕೆ 15 ರೂಪಾಯಿ ಕಟ್ಟಬೇಕಿತ್ತು. ಟಿವಿ ಬಂದ ಮೇಲೆ ಅದಕ್ಕೆ 50. ಈ ಲೈಸೆನ್ಸು ಪೂರಾ ಹೋದದ್ದು 1980ರ ದಶಕದ ನಡುವೆ.

ಅಂಗಡಿಯಲ್ಲಿ ನನಗೆ ಮೊದಲು ಹೆಸರು ತಂದದ್ದು ಮಣ್ಣಿನ ಗಡಿಗೆ. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು: ಹಂಚು, ಇಟ್ಟಿಗೆ, ಗಡಿಗೆ. ಕುಂಬಾರಿಕೆ ಕಲಿಸುವ ಕೇಂದ್ರ ಸರಕಾರದ ಸಂಸ್ಥೆಯೇ ಅಲ್ಲಿದೆ. 1978ರ ಸುಮಾರಿಗೆ ಅಲ್ಲಿಯ ಒಬ್ಬ ಶಾಲೆಯ ಮಾಸ್ತರರು ಒಡೆದ ರೇಡಿಯೋದಿಂದ ಬಿಚ್ಚಿದ ಎಂಟು ಇಂಚಿನ ಸ್ಪೀಕರ್ ತಂದು, "ಇದಕ್ಕ ಸಾಗವಾನಿ ಡಬ್ಬಿ ಮಾಡಸಾಕ ರೊಕ್ಕಿಲ್ಲೋ ತಮ್ಮಾ" ಎಂದರು. ಸ್ಪೀಕರಿನ ಕಾಗದ ಮುಂದೆ ತಳ್ಳಿದಾಗ ಹಿಂದೆ ಎಳೆಯುತ್ತದೆ. ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಅಂಚಿನಲ್ಲಿ ಕೂಡಿಕೊಂಡರೆ ಒಂದನ್ನೊಂದು ನುಂಗುತ್ತವೆ, ತಬಲಾದ ಡಗ್ಗಾ ಮಾಯವಾಗುತ್ತದೆ. ಬೇಕಾದದ್ದು ಹಿಂದಿನ ಗಾಳಿಯನ್ನು ಬಂದಿಯಾಗಿಡುವ ಒಂದು ಗಟ್ಟಿ ಹೊಟ್ಟೆ. ಅವರದೇ ಊರಿನ ಗಡಿಗೆಯ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಸ್ಪೀಕರ್ ಬೋರಲು ಹಾಕಿದೆ. ಮಾಸ್ತರರು ಧಾರವಾಡ ಹಚ್ಚಿದರು, ಕಣ್ಣು ಮುಚ್ಚಿದರು, ಕೂಲಿ ಕೊಡುವುದನ್ನೇ ಮರೆತು ಹೋದರು. ಆ ವರ್ಷ ಹದಿನಾಲ್ಕು ಗಡಿಗೆ ಕಟ್ಟಿದೆ. ಬೆಳಗಾವಿಯವರು ಸ್ಟೀರಿಯೋ ಮಾಡಿಸಲು ಎರಡು ಗಡಿಗೆ ತರಿಸಿಕೊಂಡರು. ಮೇಲಿನಿಂದ ಕೆಳಗೆ ಹರಿಯುವ ಸಾಮಾನು ಆಗೊಮ್ಮೆ ಕೆಳಗಿನಿಂದ ಮೇಲೆ ಹರಿಯಿತು.

ಇನ್ನು ಟಿವಿ. ದಿಲ್ಲಿಯಲ್ಲಿ ಅದು 1959ರಲ್ಲೇ ಬಂದಿತ್ತು, ಮುಂಬಯಿಗೆ 1972ರಲ್ಲಿ, ಬೆಂಗಳೂರಿಗೆ 1981ರ ನವೆಂಬರ್ ಒಂದಕ್ಕೆ. ನಮ್ಮ ಪಕ್ಕದ ವಿಜಾಪುರ ಜಿಲ್ಲೆಯ ಹಳ್ಳಿಗಳು 1975-76ರಲ್ಲೇ ಅಮೆರಿಕದ ಉಪಗ್ರಹದಿಂದ ಶಾಲೆಯ ಕಟ್ಟೆಯ ಮೇಲೆ ಟಿವಿ ನೋಡಿದವು, ನಾವು ನೋಡಲಿಲ್ಲ. ಬೆಳಗಾವಿಯವರಿಗೆ ಆ ಸಿಟ್ಟು ಬಹಳ ದಿನ ಇತ್ತು. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಮೇಲೇರಿತು. ಮರುವರ್ಷ ದೂರದರ್ಶನದವರು ಕೆಲವು ತಿಂಗಳು ದಿನಕ್ಕೊಂದರಂತೆ ಊರೂರಿಗೆ ಪ್ರೇಷಕ ನಿಲ್ಲಿಸಿದರು. ಹೆಚ್ಚಿನವು ಬರೀ 100 ವ್ಯಾಟಿನವು. ಉಪಗ್ರಹದಿಂದ ಇಳಿದ ದಿಲ್ಲಿಯ ಕಾರ್ಯಕ್ರಮವನ್ನು ಸುತ್ತಲಿನ 25 ಕಿಲೋಮೀಟರಿಗೆ ಹಂಚುವುದಷ್ಟೇ ಅವುಗಳ ಕೆಲಸ.

ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೋಮೀಟರ್.

ಆ ಒಂದು ಕಿಲೋಮೀಟರು ನನ್ನ ಹೊಟ್ಟೆ ಹೊರೆಯಿತು. ಬೆಳಗಾವಿಯಲ್ಲಿ ಮಾಳಿಗೆಯ ಮೇಲೆ ನಾಲ್ಕು ಕಡ್ಡಿಯ ಆಂಟೆನಾ ಇಟ್ಟರೆ ಚಿತ್ರ ಬರುತ್ತಿತ್ತು. ಖಾನಾಪುರದಲ್ಲಿ ಒಂಬತ್ತು ಕಡ್ಡಿ, ಬೂಸ್ಟರ್, ಮೇಲೆ ಮೂವತ್ತು-ನಲವತ್ತು ಅಡಿ ಬಿದಿರ ಗಳ. ಬಿದಿರಿಗೇನು, ಖಾನಾಪುರದ ಕಾಡಿನಲ್ಲಿ ಬರವಿಲ್ಲ. ಗಳಕ್ಕೆ ನಾಲ್ಕು ಕಡೆ ತಂತಿ ಬಿಗಿದು, ಹಂಚಿನ ಮೇಲೆ ಬೆಕ್ಕಿನಂತೆ ನಡೆದು ಆಂಟೆನಾ ತಿರುಗಿಸಬೇಕು. ಮೇಲೆ ನಾನು, ಬಾಗಿಲಲ್ಲಿ ಮನೆಯ ಸೊಸೆ, ಟಿವಿಯ ಮುಂದೆ ಮಕ್ಕಳು. ನಾನು ಮರಾಠಿಯಲ್ಲಿ "ಆಲಾ ಕಾ?" ಎಂದರೆ ಬಾಗಿಲಿನಿಂದ ಕನ್ನಡದಲ್ಲಿ "ಬಂತು, ಬಂತು, ಅಲ್ಲೇ ನಿಂದರಸ್ರಿ" ಎಂದು ಉತ್ತರ. ಗಡಿ ವಿವಾದವೆಂದು ಪತ್ರಿಕೆಯವರು ಎಷ್ಟು ಬರೆದರೂ ಹಂಚಿನ ಮೇಲೆ ಎರಡೂ ಭಾಷೆ ಬೇಕಾಗುತ್ತಿದ್ದವು.

ಚಿತ್ರ ಕೆಟ್ಟು ಪರದೆ ತುಂಬ ಕಪ್ಪು-ಬಿಳಿ ಚುಕ್ಕೆ ಕುಣಿಯುವುದಕ್ಕೆ ಮರಾಠಿಯವರು 'ಮುಂಗ್ಯಾ ಆಲ್ಯಾ' ಅನ್ನುತ್ತಾರೆ, ಎಂದರೆ ಇರುವೆ ಬಂದವು. ಕನ್ನಡದವರೂ ಹಾಗೇ ಅನ್ನತೊಡಗಿದರು. ಖಾನಾಪುರದಲ್ಲಿ ಮುಂಗ್ಯಾ ಬಂದರೆ ಮೊದಲು ಮಾಡಿನ ಮೇಲೆ ಮಂಗ್ಯಾ ಕುಳಿತಿದೆಯೇ ನೋಡಬೇಕು. ಕಾಡಿನ ಮಂಗಗಳಿಗೆ ಅಲ್ಯೂಮಿನಿಯಂ ಕಡ್ಡಿ ಹಿಡಿದು ಜೀಕುವುದೆಂದರೆ ಬಲು ಇಷ್ಟ. ಒಂದು ಭಾನುವಾರ ರಾಮಾಯಣದ ಹೊತ್ತಿಗೆ ಮುಕಾದಮರ ತಾಯಿ, ಎಂಬತ್ತರ ಮುದುಕಿ, ಅಂಗಳದಲ್ಲಿ ನಿಂತು ಕೈಮುಗಿದು, "ಮ್ಯಾಲ ಮಂಗ್ಯಾ, ಒಳಗ ಮುಂಗ್ಯಾ, ರಾಮ ಎಲ್ಲಿ ಅದಾನೋ ಹಣಮಪ್ಪಾ, ನೀನರ ಇಳದು ಬಾರೋ" ಎಂದು ಬೇಡಿಕೊಂಡಳು. ಅದು ಇಳಿಯಲಿಲ್ಲ. ಬಾಳೆಹಣ್ಣು ತೋರಿಸಿದ ಮೇಲೆ ಇಳಿಯಿತು.

ರಾಮಾಯಣ ಶುರುವಾದದ್ದು 1987ರ ಜನವರಿ 25ರಂದು, ಮಹಾಭಾರತ 1988ರ ಅಕ್ಟೋಬರ್ 2ರಂದು. ಬೆಳಗಾವಿಯ ನಡುಮನೆಗಳಿಗೆ ಬಣ್ಣದ ಟಿವಿ ನುಗ್ಗಿದ್ದು ಈ ಎರಡರ ನಡುವೆ ಮತ್ತು ಅದರಾಚೆ. ಬಣ್ಣ ದೇಶಕ್ಕೆ ಬಂದದ್ದು 1982ರಲ್ಲಿ, ಏಷ್ಯಾಡ್ ಕ್ರೀಡೆಗಳ ವರ್ಷ. ಅದು ಕೈಗೆಟುಕದವರು ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರಿನ ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು-ಬಿಳುಪಿನ ಮುಂದೆ ಕಟ್ಟುತ್ತಿದ್ದರು. ಎಲ್ಲ ದೃಶ್ಯದಲ್ಲೂ ಆಕಾಶ ನೀಲಿ, ಎಲ್ಲರ ಕಾಲೂ ಹಸಿರು. ಆಮೇಲೆ ಒನಿಡಾ ಬಂತು, ಬಿಪಿಎಲ್, ವಿಡಿಯೋಕಾನ್ ಬಂದವು. ಟಿಳಕವಾಡಿಯ ಯಜಮಾನರು ಹೊಸದನ್ನು ಮೇಜಿನ ಮೇಲಿಟ್ಟು ಹಳೆಯದನ್ನು ನೋಡಿ, "ಇದನ್ನ ಏನ್ ಮಾಡೂದು?" ಎಂದರೆ ನನ್ನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. ಕಂಡೆನ್ಸರ್ ಬದಲಿಸಿ, ಡ್ರೈ ಸೋಲ್ಡರ್ ತಟ್ಟಿ, ಎಲ್‌ಓಟಿ ಎಂಬ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನೋಡಿ, ಬೆಂಗಳೂರಿನ ಬಿಇಎಲ್‌ನ ಟ್ಯೂಬಿಗೆ ಇನ್ನೂ ಜೀವ ಇದೆಯೇ ಪರೀಕ್ಷಿಸಿ, ಖಾನಾಪುರದವರಿಗೆ ಕೊಡಿಸುತ್ತಿದ್ದೆ. ಅಲ್ಲಿ ವೋಲ್ಟೇಜ್ ಸೊರಗುತ್ತಿದ್ದರಿಂದ ಜೊತೆಗೊಂದು ಸ್ಟೆಬಿಲೈಸರ್. ಅಲ್ಲಿಂದ ಏಳೆಂಟು ವರ್ಷಕ್ಕೆ ಅದು ಕಾಡಂಚಿನ ವಾಡಿಗೆ. 1990ರ ದಶಕದ ನಡುವೆ ಅಕಾಯಿಯವರು ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂದು ಪತ್ರಿಕೆ ತುಂಬ ಜಾಹೀರಾತು ಕೊಟ್ಟಾಗ ನನ್ನ ಧಂದೆ ಮುಗಿಯಿತೆಂದು ಹೆದರಿದ್ದೆ. ಮುಗಿಯಲಿಲ್ಲ. ಹಾಗೆ ಮರಳಿದ ಸೆಟ್ಟುಗಳೂ ಸುತ್ತಿ ಬಳಸಿ ನಮ್ಮಂಥವರ ಮೇಜಿಗೇ ಬಂದವು.

ಕ್ಯಾಸೆಟ್ಟಿನ ಕಾಲದ ಬಗ್ಗೆ ಬಹಳ ಜನ ಬರೆದಿದ್ದಾರೆ. ನಾನು ಬೆಲ್ಟ್ ಬದಲಿಸಿದೆ, ಹೆಡ್ ಒರೆಸಿದೆ, ಅಷ್ಟೇ. ಗಲ್ಫಿನಿಂದಲೂ ಗೋವೆಯ ಹಡಗಿನವರಿಂದಲೂ ಬಂದ ನ್ಯಾಶನಲ್ ಪ್ಯಾನಸೋನಿಕ್‌ಗಳು ನಿಜಕ್ಕೂ ಗಟ್ಟಿ ಮಾಲು. ಆಮೇಲೆ ಎಲ್‌ಎ4440 ಎಂಬ ಒಂದೇ ಚಿಪ್ಪಿನಿಂದ ಮನೆ ನಡುಗಿಸುವ ಆಂಪ್ಲಿಫೈಯರ್ ಕಟ್ಟಿಕೊಟ್ಟು ಒಂದು ತಲೆಮಾರಿನ ಗಣಪತಿ ಹಬ್ಬಗಳನ್ನು ಕೆಡಿಸಿದವರಲ್ಲಿ ನಾನೂ ಒಬ್ಬ. ಕೇಬಲ್ ಬಂತು, 1994ರಲ್ಲಿ ಉದಯ ಟಿವಿ ಬಂತು, ಬಿದಿರ ಗಳಗಳು ಬಟ್ಟೆ ಒಣಹಾಕಲು ಇಳಿದವು. ಕೇಬಲ್ಲು ಡಿಜಿಟಲ್ ಆಗಬೇಕೆಂಬ ಗಡುವು ನಮ್ಮಂಥ ಊರುಗಳಿಗೆ 2015ರ ಡಿಸೆಂಬರ್ 31. ಹಿಂದೆ ವಿಡಿಯೋ ತಂತಿಯ ಹಳದಿ ತೂತು ಇದ್ದ ಹಳೆಯ ಟಿವಿಗಳು ಸೆಟ್-ಟಾಪ್ ಬಾಕ್ಸಿನ ಆಸರೆಯಲ್ಲಿ ಬದುಕಿದವು. ತೂತಿಲ್ಲದವಕ್ಕೆ ಒಂದು ಸಣ್ಣ ಡಬ್ಬಿ ಸೇರಿಸಿ ಕೊಟ್ಟೆ. ನನ್ನ ಇಳಿಜಾರಿನ ಕೊನೆಯ ಹರಿವು ಅದೇ.

ಕಳೆದ ದೀಪಾವಳಿಗೆ ಟಿಳಕವಾಡಿಯ ಅದೇ ಮನೆಯಿಂದ ಕರೆ. ಕಟ್ಟಿಗೆಯ ಬಾಗಿಲಿನ ಟಿವಿ ಕೊಂಡವರ ಮೊಮ್ಮಗ. "ಕಾಕಾ, ಐವತ್ತೈದ ಇಂಚಿಂದ ತಂದೇವಿ, ಆವಾಜ ಸರಿ ಬರವಲ್ದು, ಒಮ್ಮೆ ಬಂದು ನೋಡ್ರಿ." ಹೋದೆ. ಗೋಡೆಗೆ ಅಂಟಿದ, ಎರಡು ಬೆರಳು ದಪ್ಪದ ಟಿವಿ. ಸ್ಪೀಕರುಗಳು ತಳದಲ್ಲಿ ನೆಲದ ಕಡೆ ಮುಖ ಮಾಡಿವೆ. ಕಂಪನಿಯ ತಪ್ಪಲ್ಲ, ಆ ಹೊಟ್ಟೆಯಲ್ಲಿ ಗಾಳಿಗೆ ಜಾಗವೇ ಇಲ್ಲ. ಮಾಸ್ತರರ ಗಡಿಗೆಯ ಕತೆ ಹೇಳಿ ಸೌಂಡ್‌ಬಾರ್ ತರಿಸಿದೆ. ಅದರ ಜೊತೆಗೆ ಬಂದ ಬಾಸಿನ ಡಬ್ಬಿ ಎಂದರೆ ಗಡಿಗೆಯೇ, ಚೌಕಾಗಿದೆ ಅಷ್ಟೇ. ಎಚ್‌ಡಿಎಂಐ ತಂತಿಯನ್ನು 'ಆರ್ಕ್' ಎಂದು ಬರೆದ ತೂತಿಗೆ ಹಾಕದಿದ್ದರೆ ಟಿವಿಯ ದನಿ ಬಾರಿಗೆ ಹೋಗುವುದಿಲ್ಲ. ಅರ್ಧ ಮನೆಗಳಲ್ಲಿ ಇದೊಂದೇ ತಪ್ಪು.

ಅವರ ಹಳೆಯ ಟಿವಿ, 40 ಇಂಚಿನದು, ಬಾಗಿಲ ಸಂದಿಯಲ್ಲಿ ನಿಂತಿತ್ತು. ಮಗುವಿನ ಚೆಂಡು ಬಡಿದು ಪ್ಯಾನಲ್ ಸೀಳಿದೆ. ಬರೀ ಬ್ಯಾಕ್‌ಲೈಟಿನ ಪಟ್ಟಿ ಹೋಗಿದ್ದರೆ ನಾನೇ ಸರಿಮಾಡುತ್ತಿದ್ದೆ. ಪ್ಯಾನಲ್ಲಿಗೆ ಹೊಸ ಟಿವಿಯಷ್ಟೇ ಹಣ. ಖಾನಾಪುರದಲ್ಲಿ ಈಗ ಅದನ್ನು ಯಾರೂ ಕೇಳುವುದಿಲ್ಲ, ವಾಡಿಯಲ್ಲೂ ಕಂತಿನ ಮೇಲೆ ಹೊಸದೇ ಸಿಗುತ್ತದೆ. ಇದು ಕೆಟ್ಟದ್ದೆಂದು ನಾನು ಹೇಳಲಾರೆ. ವಾಡಿಯವರು ಯಾಕೆ ಸದಾ ಟಿಳಕವಾಡಿಯ ಹಳೆಯದನ್ನೇ ನೋಡಬೇಕು? ನನ್ನ ಕೈಗೆ ಕೆಲಸ ತಪ್ಪಿತು, ಅಷ್ಟೇ. ಸೀಳಿದ ಟಿವಿಯನ್ನು ಗುಜರಿಯವನು ತೂಕಕ್ಕೆ ಒಯ್ದ.

ಓದುವವರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಕರೆಂಟಿನ ವಾಲ್ವ್ ರೇಡಿಯೋ ಇದ್ದರೆ, ನಡುಮನೆಯ ಅಲಂಕಾರಕ್ಕೆಂದು ಇಳಿಸಿದ ಖುಷಿಯಲ್ಲಿ ಪ್ಲಗ್ ಹಾಕಿ ನೋಡಬೇಡಿ. ಒಳಗಿನ ಕಾಗದದ ಕಂಡೆನ್ಸರುಗಳು ಇಷ್ಟು ವರ್ಷದಲ್ಲಿ ಸೋರಿರುತ್ತವೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಸಿಗುವುದಿಲ್ಲ. ಮೊದಲು ಹಿಂಬದಿಯ ಹಲಗೆ ಬಿಚ್ಚಬಲ್ಲ ಯಾರಾದರೊಬ್ಬ ಮುದುಕನನ್ನು ಹುಡುಕಿ. ನಿಮ್ಮ ಊರಿನಲ್ಲಿ ಇನ್ನೂ ಒಬ್ಬನಾದರೂ ಇರುತ್ತಾನೆ.