ಶಾಲೆ ಸೇರದ ದುಡ್ಡು: ಉಗಾಂಡಾ ಹೇಳುವ ಲೆಕ್ಕ (ಭಾಗ 4)

ಸರ್ಕಾರ ಖರ್ಚು ಮಾಡೋ ಒಂದು ರೂಪಾಯಿಯಲ್ಲಿ ಜನರಿಗೆ ಸೇರೋದು 15 ಪೈಸೆ ಅಂತ 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದನ್ನ ನಾವೆಲ್ಲ ಕೇಳಿದ್ದೇವೆ. ಅದು ಅಂದಾಜು. ಪೂರ್ವ ಆಫ್ರಿಕಾದ ಉಗಾಂಡಾದಲ್ಲಿ ಇದನ್ನೇ ಎಣಿಸಿ ನೋಡಿದರು. 👇

ಇದಿ ಅಮೀನ್ ಆಳ್ವಿಕೆ, ಆಮೇಲೆ ಅಂತರ್ಯುದ್ಧ, ಎರಡೂ ಸೇರಿ ಆ ದೇಶವನ್ನ ಹಾಳು ಮಾಡಿದ್ದವು. 1986ರಲ್ಲಿ ಮುಸೆವೆನಿ ಸರ್ಕಾರ ಬಂತು. ಕಾಗದದ ಮೇಲೆ ಶಾಲೆಗಳಿಗೆ ದುಡ್ಡು ಹೋಗ್ತಿತ್ತು, ತರಗತಿಯಲ್ಲಿ ಮಾತ್ರ ಪುಸ್ತಕ ಇಲ್ಲ. ಯಾಕೆ?

1996ರಲ್ಲಿ 250 ಪ್ರಾಥಮಿಕ ಶಾಲೆಗಳ ಸಮೀಕ್ಷೆ ಆಯ್ತು. ಮಾಡಿದ ಕೆಲಸ ನಮ್ಮ ಬಿಕಾಂ ಮೊದಲ ವರ್ಷದ ಪಾಠವೇ: ಕೊಟ್ಟವರ ಲೆಕ್ಕ, ಪಡೆದವರ ಲೆಕ್ಕ ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡೋದು. ಮಗುವಿಗೆ ಇಷ್ಟು ಅಂತ ಕೇಂದ್ರದಿಂದ ಬರ್ತಿದ್ದ ಅನುದಾನದಲ್ಲಿ 1991ರಿಂದ 95ರವರೆಗೆ ಶಾಲೆ ತಲುಪಿದ್ದು ಸರಾಸರಿ ಶೇ. 13 ಅಷ್ಟೇ. ಹೆಚ್ಚಿನ ಶಾಲೆಗಳಿಗೆ ಬಿಡಿಗಾಸೂ ಬಂದಿರಲಿಲ್ಲ. ಉಳಿದದ್ದು ನಡುವೆ, ಜಿಲ್ಲಾ ಆಡಳಿತದ ಹಂತದಲ್ಲೇ ನಿಂತಿತ್ತು. ಅನುಕೂಲಸ್ಥರ ಊರಿನ ಶಾಲೆಗಳು ಕೇಳಿ ಪಡೀತಿದ್ದವು. ಬಡವರ ಊರಿನವರಿಗೆ ಇಂಥ ದುಡ್ಡು ಇದೆ ಅನ್ನೋದೇ ಗೊತ್ತಿರಲಿಲ್ಲ. ಅವರು ತಮ್ಮ ಜೇಬಿನಿಂದ ಫೀಸು ಕಟ್ತಿದ್ದರು, ಆಗದವರು ಮಗುವನ್ನ ಶಾಲೆ ಬಿಡಿಸ್ತಿದ್ದರು.

ಆಮೇಲೆ ಸರ್ಕಾರ ಒಂದು ಸರಳ ಕೆಲಸ ಮಾಡ್ತು. ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಅಂತ ಪತ್ರಿಕೆಗಳಲ್ಲಿ ಪ್ರಕಟಿಸಿತು, ಶಾಲೆಗಳಿಗೂ ಬಂದ ಮೊತ್ತವನ್ನ ಗೋಡೆಗೆ ಅಂಟಿಸಿ ಅಂತ ಹೇಳಿತು. 2001ರ ಹೊತ್ತಿಗೆ ಶೇ. 80ಕ್ಕೂ ಹೆಚ್ಚು ದುಡ್ಡು ಶಾಲೆ ತಲುಪ್ತಿತ್ತು. ಪತ್ರಿಕೆ ಸಿಗೋ ಜಾಗಕ್ಕೆ ಹತ್ತಿರ ಇದ್ದ ಶಾಲೆಗಳಲ್ಲಿ ಸುಧಾರಣೆ ಇನ್ನೂ ಜಾಸ್ತಿ ಅಂತ ಅರ್ಥಶಾಸ್ತ್ರಜ್ಞರಾದ ರೈನಿಕ್ಕಾ ಮತ್ತು ಸ್ವೆನ್ಸನ್ ತೋರಿಸಿದರು.

ಪೂರ್ತಿ ಶ್ರೇಯಸ್ಸು ಪತ್ರಿಕೆಗೇ ಕೊಡೋಕಾಗಲ್ಲ. ಅದೇ ಸಮಯದಲ್ಲಿ ಬೇರೆ ಸುಧಾರಣೆಗಳೂ ಬಂದವು, ಆ ಬಗ್ಗೆ ಇವತ್ತಿಗೂ ಚರ್ಚೆ ಇದೆ. 1997ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಆದಾಗ ಮಕ್ಕಳ ಸಂಖ್ಯೆ ಸುಮಾರು 30 ಲಕ್ಷದಿಂದ 50 ಲಕ್ಷ ದಾಟಿತು, ತರಗತಿಗಳು ತುಂಬಿ ತುಳುಕಿದವು. ದುಡ್ಡು ತಲುಪಿದ ಮಾತ್ರಕ್ಕೆ ಕಲಿಕೆ ತಲುಪಿತು ಅಂತಲ್ಲ.

ಆದರೂ ಒಂದು ಮಾತು. ರಸ್ತೆಯ ದುಡ್ಡು ತಿಂದರೆ ಮುಂದಿನ ವರ್ಷ ರಸ್ತೆ ಮತ್ತೆ ಹಾಕಬಹುದು. ಮೂರನೇ ಕ್ಲಾಸಿನ ಪುಸ್ತಕದ ದುಡ್ಡು ತಿಂದರೆ ಆ ಮಗುವಿಗೆ ಎಂಟು ವರ್ಷ ಮತ್ತೆ ಬರಲ್ಲ. ಮಾನವ ಬಂಡವಾಳದ ನಷ್ಟ ಯಾವ ಬ್ಯಾಲೆನ್ಸ್ ಶೀಟಲ್ಲೂ ಕಾಣೋದಿಲ್ಲ.

ನಿಮ್ಮೂರಿನ ಸರ್ಕಾರಿ ಶಾಲೆಗೆ ಈ ವರ್ಷ ಎಷ್ಟು ಅನುದಾನ ಬಂತು? ಎಸ್‌ಡಿಎಂಸಿಯಲ್ಲಿ ಇರೋರನ್ನ ಕೇಳಿ, ಕಾಮೆಂಟಲ್ಲಿ ಹೇಳಿ.

#ಇತಿಹಾಸ #ಉಗಾಂಡಾ #ಸರ್ಕಾರಿಶಾಲೆ #ಕನ್ನಡ