ತೊಳೆಯುವುದು ಬೇರೆ, ಬಳಿಯುವುದು ಬೇರೆ

ಹಿತ್ತಾಳೆ ಬೋಗುಣಿಗೆ ಕಲಾಯಿ ಹಾಕಿಸಿದರೆ ಬೋಗುಣಿ ಅದೇ ಇರುತ್ತದೆ. ಕರಗಿಸಿ ಎರಕ ಹೊಯ್ಯಿಸಿದರೆ ಹಿತ್ತಾಳೆ ಅದೇ ಆದರೂ ಪಾತ್ರೆ ಬೇರೆ. ಮನೆ ನಡೆಸುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಟಿ.ವಿ. ಧಾರಾವಾಹಿಗಳಿಗೆ ಹೊಸ ಹೊಳಪು ಕೊಡಲು ಹೊರಟಾಗ ಅವುಗಳ ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದ್ದು ಇದೇ ಮಾತಿಗೆ.

ನನ್ನ ವಾರಿಗೆಯವರಿಗೆ 'ಸ್ಟಾರ್ ಟ್ರೆಕ್' ನೆನಪಿರಬಹುದು. ಅಮೆರಿಕದಲ್ಲಿ 1966ರಿಂದ 1969ರವರೆಗೆ ಬಂದ ಈ ಆಕಾಶನೌಕೆಯ ಕಥೆ ನಮ್ಮ ದೂರದರ್ಶನದಲ್ಲಿ ಕಂಡದ್ದು 1980ರ ದಶಕದಲ್ಲಿ. ಭಾನುವಾರ ಬೆಳಿಗ್ಗೆ ಬೆಳಗಾವಿಯ ನಮ್ಮ ಓಣಿಯಲ್ಲಿ ಟಿ.ವಿ. ಇದ್ದವರ ಪಡಸಾಲೆ ತುಂಬಿಹೋಗುತ್ತಿತ್ತು. ಇಂಗ್ಲಿಷು ಅರ್ಧ ತಿಳಿಯುತ್ತಿರಲಿಲ್ಲ. ಚೂಪು ಕಿವಿಯ ಸ್ಪಾಕ್‌ನನ್ನು ನೋಡುವುದೇ ನಮಗೆ ಸಂಭ್ರಮ. ಅಷ್ಟು ಗಂಭೀರವಾಗಿ ತೇಲುತ್ತಿದ್ದ ಆ ನೌಕೆ ಸುಮಾರು 11 ಅಡಿ ಉದ್ದದ ಒಂದು ಮಾದರಿ, ಕುಶಲಿಗರು ಕೈಯಿಂದ ಮಾಡಿದ್ದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

2006ರಲ್ಲಿ, ಧಾರಾವಾಹಿಗೆ 40 ವರ್ಷ ತುಂಬಿದಾಗ, ಅದನ್ನು ಹೊಸದಾಗಿ ಸಿದ್ಧಪಡಿಸಿದರು. ಫಿಲ್ಮಿನ ಧೂಳು, ಗೀರು ತೆಗೆದಾಗ ಎಲ್ಲರಿಗೂ ಸಂತೋಷ. ಆದರೆ ಮಾದರಿ ನೌಕೆಯ ದೃಶ್ಯಗಳನ್ನೇ ತೆಗೆದು ಕಂಪ್ಯೂಟರಿನಲ್ಲಿ ರಚಿಸಿದ ನೌಕೆಯನ್ನು ಕೂಡಿಸಿದಾಗ ಅಭಿಮಾನಿಗಳು ಎರಡು ಪಂಗಡವಾದರು. ಅಂದು ಹಣ, ಸಲಕರಣೆ ಇದ್ದಿದ್ದರೆ ಅವರೇ ಹೀಗೆ ಮಾಡುತ್ತಿದ್ದರಲ್ಲ ಎಂದರು ಕೆಲವರು. ಇದ್ದಷ್ಟರಲ್ಲೇ ಅವರು ಏನು ಮಾಡಿದರೋ ಅದೇ ಅಲ್ಲವೆ ಅವರ ಕೆಲಸ ಎಂದರು ಉಳಿದವರು. 2009ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಹಳೆಯದು, ಹೊಸದು ಎರಡನ್ನೂ ಇಟ್ಟರು. ಬೇಕಾದ್ದನ್ನು ನೋಡುವವರೇ ಆರಿಸಿಕೊಳ್ಳಬಹುದು. ಇದಕ್ಕಿಂತ ಒಳ್ಳೆಯ ರಾಜಿ ನನಗಂತೂ ತೋಚುವುದಿಲ್ಲ.

ಮೂಲವೇ ಇಲ್ಲದಿದ್ದರೆ ರಾಜಿಯೂ ಇಲ್ಲ. 1963ರಲ್ಲಿ ಬಿ.ಬಿ.ಸಿ. ಆರಂಭಿಸಿದ 'ಡಾಕ್ಟರ್ ಹೂ' ಧಾರಾವಾಹಿಯ ಗತಿ ನೋಡಿ. ಆಗ ವಿಡಿಯೋ ಟೇಪು ದುಬಾರಿ. ಒಮ್ಮೆ ತೋರಿಸಿ ಮುಗಿದದ್ದನ್ನು ಅಳಿಸಿ ಅದರ ಮೇಲೆಯೇ ಬೇರೆ ಕಾರ್ಯಕ್ರಮ ಮುದ್ರಿಸುತ್ತಿದ್ದರು. ಹೀಗೆ ಹತ್ತಾರು ಕಂತುಗಳ ಚಿತ್ರ ಕಾಣೆಯಾಯಿತು. ಉಳಿದದ್ದು ಧ್ವನಿ ಮಾತ್ರ. ಅದನ್ನು ಉಳಿಸಿದವರು ಯಾರು ಗೊತ್ತೆ? ಮನೆಯಲ್ಲಿ ಕುಳಿತು ಟೇಪ್ ರೆಕಾರ್ಡರಿಗೆ ಹಿಡಿದಿಟ್ಟುಕೊಂಡ ಸಾಮಾನ್ಯ ಪ್ರೇಕ್ಷಕರು! ಅದೇ ಧಾರಾವಾಹಿಯ ಆರಂಭದ ಏಳು ಕಂತುಗಳ ಒಂದು ಕಪ್ಪು-ಬಿಳುಪು ಕಥೆಗೆ 2023ರಲ್ಲಿ ಬಣ್ಣ ಹಾಕಿ, 75 ನಿಮಿಷಕ್ಕೆ ಇಳಿಸಿದರು. ಮಕ್ಕಳು ನೋಡುತ್ತಾರೆಂದು ಹಿಗ್ಗಿದವರಿದ್ದರು. ಕತ್ತರಿ ಜಾಸ್ತಿಯಾಯಿತೆಂದು ಮುನಿದವರೂ ಇದ್ದರು.

ನಮ್ಮಲ್ಲೂ ಇದು ನಡೆದಿದೆ. ರಾಜ್‌ಕುಮಾರ್ ಅವರ 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟು ಮತ್ತೆ ಚಿತ್ರಮಂದಿರಕ್ಕೆ ಬಂದವು. ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಅದೇ ಮಾತು. ಬಣ್ಣವಿದ್ದರೇ ಈಗಿನ ಹುಡುಗರು ಕೂಡುತ್ತಾರೆ ಎಂದರು ಒಬ್ಬರು. ಕೊಟ್ಟೂ ಕೊಟ್ಟೂ ಬರಿಗೈಯಾದ ಆ ಯಜಮಾನನ ದುಃಖ ನೆರಳಿನಲ್ಲೇ ಚಂದ ಎಂದರು ಇನ್ನೊಬ್ಬರು. ಇಬ್ಬರದ್ದೂ ನಿಜವೇ. ಬಣ್ಣದ ಪ್ರತಿ ಬಂತೆಂದು ಕಪ್ಪು-ಬಿಳುಪಿನ ಪ್ರತಿ ಮೂಲೆ ಸೇರಬಾರದು, ಅಷ್ಟೆ.

ಈ ಮಾತು ನನಗೆ ನಿಜವಾಗಿ ತಟ್ಟಿದ್ದು ನಮ್ಮ ಮನೆಯ ಒಂದು ಕ್ಯಾಸೆಟ್ಟಿನಿಂದ. ಖಾನಾಪುರ ನನ್ನ ತವರು. ಅಲ್ಲಿಯ ಮಳೆ ಗೊತ್ತಲ್ಲ, ಪೆಟ್ಟಿಗೆಯೊಳಗಿನ ಸೀರೆಗೂ ಬೂಷ್ಟು ಹಿಡಿಸುತ್ತದೆ. 1992ರ ನನ್ನ ತಂಗಿಯ ಮದುವೆಯ ವಿಡಿಯೋ ಕ್ಯಾಸೆಟ್ಟಿಗೂ ಬೂಷ್ಟು ಬರತೊಡಗಿತ್ತು. ಅವ್ವ ನಡೆದಾಡುವುದು, ನಗುವುದು ಈಗ ಕಾಣುವುದು ಅದೊಂದರಲ್ಲೇ. ತಮ್ಮ ಅದನ್ನು ಬೆಳಗಾವಿಯ ಅಂಗಡಿಯೊಂದಕ್ಕೆ ಕೊಟ್ಟು ಪೆನ್ ಡ್ರೈವಿಗೆ ಹಾಕಿಸಿದ. ತರಲು ಹೋದವಳಿಗೆ ಅಂಗಡಿಯ ಹುಡುಗ ಹೆಮ್ಮೆಯಿಂದ ತೋರಿಸಿದ: "ನೋಡ್ರಿ ಅಕ್ಕೋರ, ಮಾರಿ ಎಲ್ಲಾ ಕ್ಲೀನ್ ಮಾಡೇನ್ರಿ."

ಗೆರೆಗಳು ಹೋಗಿದ್ದವು. ಅವುಗಳ ಜೊತೆಗೆ ಅವ್ವನ ಕೆನ್ನೆಯ ಸಿಡುಬಿನ ಕಲೆಗಳೂ ಹೋಗಿದ್ದವು. ಮೈನದ ಗೊಂಬೆಯಂಥ ಒಬ್ಬ ಹೆಂಗಸು ಆರತಿ ಹಿಡಿದು ನಿಂತಿದ್ದಳು.

"ಭಾಳ ಚಂದ ಮಾಡೀಯಪಾ," ಎಂದೆ, "ಆದ್ರ ಈಕಿ ನಮ್ಮವ್ವ ಅಲ್ಲ."

ದೇಶದಲ್ಲಿ ಸಿಡುಬಿನ ಕಾಟ ಮುಗಿದದ್ದು 1975ರಲ್ಲಿ. ಅವ್ವನ ಬಾಲ್ಯಕ್ಕೆ ಆ ಪುಣ್ಯ ಇರಲಿಲ್ಲ. ಒಂದೇ ವಾರದಲ್ಲಿ ಅಕ್ಕತಂಗಿಯರಿಬ್ಬರೂ ಮಲಗಿ, ಎದ್ದವಳು ಅವ್ವ ಒಬ್ಬಳೇ. ಆ ಕಲೆಗಳು ಅಂದಿನ ಗುರುತು. ನಾಳೆ ಮೊಮ್ಮಕ್ಕಳು ನೋಡುವ ಅಜ್ಜಿಯ ಮುಖದಲ್ಲಿ ಅದಿಲ್ಲದಿದ್ದರೆ, ಆ ಕಥೆಯನ್ನು ಅವರು ಕೇಳುವುದೂ ಇಲ್ಲ. ಹುಡುಗ ಒಳ್ಳೆಯವನು. ತಿದ್ದದ ಪ್ರತಿಯನ್ನು ಅಳಿಸಿರಲಿಲ್ಲ, ಅದನ್ನೂ ಹಾಕಿಕೊಟ್ಟ.

1987ರಲ್ಲಿ ಶುರುವಾದ ಇನ್ನೊಂದು 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ಫಿಲ್ಮಿನಲ್ಲಿ ತೆಗೆದು, ವಿಡಿಯೋ ಟೇಪಿನಲ್ಲಿ ಜೋಡಿಸಿದ್ದರು. 2012ರಿಂದ ಅದನ್ನು ಸ್ವಚ್ಛವಾಗಿ ಮತ್ತೆ ಕಟ್ಟಲು ಸಾಧ್ಯವಾದದ್ದು ಮೂಲ ಫಿಲ್ಮಿನ ಸುರುಳಿಗಳನ್ನು ಎಸೆಯದೆ ಇಟ್ಟಿದ್ದರಿಂದ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಒಂದು ಕ್ಯಾಸೆಟ್ಟು ಇದ್ದೀತು. ಮಳೆಗಾಲಕ್ಕೆ ಮೊದಲೇ ಕೆಳಗಿಳಿಸಿ. ಅಂಗಡಿಗೆ ಕೊಡುವಾಗ, ಮೊದಲು ಇದ್ದದ್ದು ಇದ್ದಂತೆ ಒಂದು ಪ್ರತಿ ಬೇಕೆಂದು ಹೇಳಿ. ಚಂದ ಮಾಡಿಸಿಕೊಳ್ಳುವುದು ಆಮೇಲೆ. ಕ್ಯಾಸೆಟ್ಟನ್ನು ಮಾತ್ರ ಮರೆಯದೆ ವಾಪಸು ತನ್ನಿ.