ದೊಡ್ಡಗದ್ದವಳ್ಳಿಯ ಮಹಾಲಕ್ಷ್ಮಿ

ಹಾಸನದಿಂದ ಬೇಲೂರಿಗೆ ಹೋಗುವ ಯಾತ್ರಿಕರಿಗೆ ಲೆಕ್ಕವಿಲ್ಲ. ಆದರೆ ನಡುದಾರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ದೊಡ್ಡಗದ್ದವಳ್ಳಿಯ ಕಡೆಗೆ ತಿರುಗುವವರು ವಿರಳ. ಹಾಸನದಿಂದ ಸುಮಾರು 20 ಕಿಲೋಮೀಟರು ದೂರದ ಈ ಹಳ್ಳಿಯಲ್ಲಿ, ಕೆರೆಯ ದಂಡೆಯ ಮೇಲೆ, ಹೊಯ್ಸಳರ ಕಾಲದ ಅತ್ಯಂತ ಹಳೆಯ ಗುಡಿಗಳಲ್ಲೊಂದು ನಿಂತಿದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಕ್ರಿ.ಶ. 1117ರಲ್ಲಿ ಆಯಿತು, ಈ ಗುಡಿ ಅದಕ್ಕಿಂತ ಮೂರು ನಾಲ್ಕು ವರ್ಷ ಹಿರಿಯದು.

ಇದನ್ನು ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ವಿಷ್ಣುವರ್ಧನನ ಆಳ್ವಿಕೆಯಲ್ಲಿದ್ದ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಇದನ್ನು ಕಟ್ಟಿಸಿದರೆಂದು ಅಲ್ಲಿಯ ಶಾಸನ ಹೇಳುತ್ತದೆ. ಊರಿಗೆ ಅವರಿತ್ತ ಹೆಸರು ಅಭಿನವ ಕೊಲ್ಲಾಪುರ. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ತಮ್ಮ ನಾಡಿನಲ್ಲಿಯೇ ನೆಲೆಗೊಳಿಸಬೇಕೆಂಬುದು ಆ ದಂಪತಿಗಳ ಹಂಬಲವೆಂದು ಈ ಹೆಸರಿನಿಂದಲೇ ತಿಳಿಯಬಹುದು. ಗಂಡನ ಹೆಸರಿನೊಡನೆ ಹೆಂಡತಿಯ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದನ್ನು ನೀವು ಗಮನಿಸಬೇಕು.

ಒಳಗೆ ಹೋದರೆ ನಾಲ್ಕು ಗರ್ಭಗುಡಿಗಳು ಒಂದೇ ಕಟ್ಟಡದಲ್ಲಿ ಕೂಡಿರುವುದನ್ನು ಕಾಣುವಿರಿ. ಇಂತಹ ಗುಡಿಗೆ ಚತುಷ್ಕೂಟವೆಂದು ಹೆಸರು. ಹೊಯ್ಸಳರ ಗುಡಿಗಳಲ್ಲಿ ಇದು ಅಪರೂಪ. ಮಹಾಲಕ್ಷ್ಮಿಯೊಡನೆ ಕಾಳಿಯೂ ಭೂತನಾಥನೆಂಬ ಲಿಂಗವೂ ಇಲ್ಲಿ ನೆಲೆಸಿದ್ದಾರೆ. ಕಾಳಿಯ ಗುಡಿಯ ಮುಂದೆ ಎಲುಬುಗೂಡಿನಂತಹ ಇಬ್ಬರು ಬೇತಾಳರು ಕಾವಲು ನಿಂತಿದ್ದಾರೆ. ಮೂರು ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ರೀತಿಯವು; ಲಕ್ಷ್ಮಿಯ ಶಿಖರ ಮಾತ್ರ ಹೆಚ್ಚು ಅಲಂಕಾರದ್ದು. ಬೇಲೂರಿನ ಗೋಡೆಗಳಂತೆ ಇಲ್ಲಿ ವಿಗ್ರಹಗಳ ಸಾಲುಗಳಿಲ್ಲ, ಎತ್ತರದ ಜಗತಿಯೂ ಇಲ್ಲ. ಹೊಯ್ಸಳ ಶಿಲ್ಪ ಇನ್ನೂ ಮಿತಭಾಷಿಯಾಗಿದ್ದ ಕಾಲವದು.

ಇಂತಹ ಗುಡಿ ಮರೆಯಾದುದೇಕೆ? ರಾಜಧಾನಿಯ ಗುಡಿಗೆ ಅರಸನ ಬೆಂಬಲವಿತ್ತು, ಮುಂದೆ ಯಾತ್ರಿಕರ ಬೆಂಬಲ ದೊರೆಯಿತು. ಹಳ್ಳಿಯ ಗುಡಿಯಾದರೋ ದಾನಿಗಳ ದತ್ತಿಯನ್ನೂ ಊರವರ ಅಕ್ಕರೆಯನ್ನೂ ನಂಬಿ ಬದುಕಬೇಕು. ಸರಕಾರ ಗುಡಿಯನ್ನು ಸಂರಕ್ಷಿತ ಸ್ಮಾರಕವೆಂದು ಸಾರಬಹುದು. ನೋಡುವ ಕಣ್ಣುಗಳನ್ನು ಅದು ಒದಗಿಸಲಾರದು. 2020ರ ನವೆಂಬರಿನಲ್ಲಿ ಕಾಳಿಯ ವಿಗ್ರಹ ಒಡೆದು ಬಿದ್ದಿರುವುದು ಕಂಡುಬಂದಿತು. ಪುರಾತತ್ತ್ವ ಇಲಾಖೆಯವರು ತುಂಡುಗಳನ್ನು ಜೋಡಿಸಿ ಅದನ್ನು ಮತ್ತೆ ನಿಲ್ಲಿಸಿದರು. ಒಂಬತ್ತು ಶತಮಾನಗಳ ಮಳೆ ಗಾಳಿಗಳನ್ನು ತಾಳಿಕೊಂಡ ಮೂರ್ತಿಗೆ ನಮ್ಮ ಕಾಲದಲ್ಲಿ ಈ ಗತಿ ಬಂದುದು ಯೋಚಿಸತಕ್ಕ ಸಂಗತಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದು ನಮಗೆಲ್ಲ ಹೆಮ್ಮೆಯ ಮಾತು. ಆದರೆ ಶಿಖರವನ್ನು ಹೊಗಳುವಾಗ ತಳಪಾಯವನ್ನು ಮರೆಯಬಾರದು. ಮುಂದಿನ ರಜೆಯಲ್ಲಿ ಬೇಲೂರಿಗೆ ಹೊರಟರೆ ಒಂದು ಗಂಟೆಯನ್ನು ದೊಡ್ಡಗದ್ದವಳ್ಳಿಗೆ ಮೀಸಲಿಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಶಾಸನದ ಕಲ್ಲಿನ ಮುಂದೆ ನಿಂತು, ಸಹಜಾದೇವಿಯ ಹೆಸರನ್ನು ಅವರಿಗೆ ಹೇಳಿರಿ. ಹೆಸರು ಬಾಯಿಂದ ಬಾಯಿಗೆ ಸಾಗುತ್ತಿರುವವರೆಗೆ ಯಾವ ಗುಡಿಯೂ ಪೂರ್ತಿ ಪಾಳುಬೀಳದು.